ಕುರಿಯ ಕರುಳು, ಜೇನುಮೇಣ ಮತ್ತು ನಾವು ಮೂವರು

ಹಾರ್ಮೋನಿಯಂ ಬಾರಿಸುವವರಿಗೆ ಇಂಥದ್ದೆಲ್ಲ ಆಗುವುದಿಲ್ಲ. ಅವರು ಬರುತ್ತಾರೆ, ಪೆಟ್ಟಿಗೆ ತೆರೆಯುತ್ತಾರೆ, ಬಾರಿಸುತ್ತಾರೆ, ಊಟ ಮಾಡಿ ಹೋಗುತ್ತಾರೆ. ನಾವು ಮೂವರು ಎಲ್ಲಿಗೇ ಹೋಗಲಿ, ಊಟದ ಹೊತ್ತಿಗೆ ಮುಂಚೆಯೇ ಏನಾದರೊಂದು ಆಗಿರುತ್ತದೆ.

ನಮ್ಮಲ್ಲಿ ಹಾಡುವವರು ಹೊನ್ನಾಳಿಯ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ. ತಂಡ ಕಟ್ಟಿದವರೂ ಅವರೇ, ಗದರಿಸುವವರೂ ಅವರೇ. ನಾವು ಮೇಡಂ ಎನ್ನುತ್ತೇವೆ. ಇನ್ನೊಬ್ಬರು ನ್ಯಾಮತಿಯ ಟೈಲರ್. ಅವರು ಮುಖವೀಣೆ ಊದುತ್ತಾರೆ. ಶಹನಾಯಿಗಿಂತ ಗಿಡ್ಡವಾದ, ಕೋಟಿನ ಜೇಬಿನಲ್ಲಿ ಹಿಡಿಸುವ ವಾದ್ಯ ಅದು. ಮೂರನೆಯವನು ನಾನು. ಚನ್ನಗಿರಿಯ ಒಂದು ಕಾಲೇಜಿನಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ, ರಜೆಯಲ್ಲಿ ಕಿನ್ನರಿ ನುಡಿಸುತ್ತೇನೆ. ಒಂದು ಬಿದಿರ ಕೋಲು, ಅದರ ಕೆಳಗೆ ಮೂರು ಒಣ ಸೋರೆಬುರುಡೆ, ಮೇಲೆ ಎರಡು ತಂತಿ. ಇದಿಷ್ಟೇ ಕಿನ್ನರಿ.

ಹಳೆಯ ತತ್ತ್ವಪದಗಳನ್ನು ಹಳೆಯ ವಾದ್ಯಗಳ ಜೊತೆ, ಹಳೆಯ ರೀತಿಯಲ್ಲೇ ಹಾಡಬೇಕು ಎಂಬುದು ಮೇಡಂ ಹಾಕಿದ ನಿಯಮ. ಮೈಕ್ ಇಲ್ಲ. ಶ್ರುತಿಪೆಟ್ಟಿಗೆ ಇಲ್ಲ. ಉಕ್ಕಿನ ತಂತಿಯ ಬದಲು ಕುರಿಯ ಕರುಳಿನ ತಂತಿ. ಅಂಗಡಿಯ ಗೋಂದಿನ ಬದಲು ಜೇನುಮೇಣ. ಏನು ತಂದು ತೋರಿಸಿದರೂ ಮೇಡಂ ಕೇಳುವುದು ಒಂದೇ ಪ್ರಶ್ನೆ: "ಆ ಕಾಲದಲ್ಲಿ ಇತ್ತೇನ್ರೀ?" ಒಮ್ಮೆ ಟೈಲರ್ ಫ್ಲಾಸ್ಕ್ ತಂದಾಗಲೂ ಕೇಳಿದರು.

"ಆ ಕಾಲ್ದಾಗೆ ಟೀನೇ ಇರ್ಲಿಲ್ಲ ಮೇಡಂ. ಬಿಟ್ಬಿಡಾಣೇನು?" ಎಂದರು ಟೈಲರ್.

ಮೇಡಂ ಸ್ವಲ್ಪ ಯೋಚಿಸಿ, "ಟೀ ವಾದ್ಯ ಅಲ್ಲ, ಹಾಕ್ರಿ" ಎಂದರು.

ಇನ್ನೊಂದು ಸಂಗತಿ ಮೊದಲೇ ಹೇಳಿಬಿಡಬೇಕು. ಆ ಕಿನ್ನರಿ ನನ್ನದಲ್ಲ. ಬಿಳಿಚೋಡಿನ ಒಬ್ಬ ಅಜ್ಜಿಯ ಮನೆಯ ಗೋಡೆಯಲ್ಲಿ, ಒಂದು ಮೊಳೆಗೆ ತೂಗುತ್ತಿತ್ತು. ಅವರ ಯಜಮಾನರು ಊರೂರು ತಿರುಗಿ ಪದ ಹಾಡುತ್ತಿದ್ದವರು. ತೀರಿಕೊಂಡ ಮೇಲೆ ಅದನ್ನು ಮುಟ್ಟುವವರಿರಲಿಲ್ಲ. ನಾನು ಕೇಳಿದಾಗ ಅಜ್ಜಿ ಕೊಟ್ಟರು, ಆದರೆ ಷರತ್ತು ಹಾಕಿ. "ಯುಗಾದಿಯೊಳಗೆ ಬಂದು ನನ್ನ ಮುಂದೆ ಬಾರಿಸ್ರಿ. ನಮ್ಮ ಯಜಮಾನ್ರದೇ ಅಂತ ನನಗನ್ನಿಸಿದ್ರೆ ಇದು ನಿಮ್ಮದು. ಇಲ್ಲಾಂದ್ರೆ ವಾಪಸ್ ಮೊಳಿಗೆ." ಕಿನ್ನರಿ ಮಾಡುವವರು ನಮ್ಮ ಸೀಮೆಯಲ್ಲಿ ಈಗ ಯಾರೂ ಇಲ್ಲ. ಅದು ಮೊಳೆಗೆ ಹೋದರೆ ನಮ್ಮ ತಂಡವೂ ಮೊಳೆಗೆ ಹೋದಂತೆ. ಆ ವರ್ಷವೆಲ್ಲ ನಾನು ಕಿನ್ನರಿಯನ್ನು ಹೊತ್ತು ತಿರುಗಿದ್ದು ಈ ಒಂದು ಅಳುಕಿನಲ್ಲೇ.

ಬೀಜದ ಕಾಯಿ

ಹೊನ್ನಾಳಿಯಿಂದ ನ್ಯಾಮತಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಸೂರಗೊಂಡನಕೊಪ್ಪದ ಜಾತ್ರೆಗೆ ಹೊರಟ ಜನ, ಕಾಲಿಡಲು ಜಾಗವಿಲ್ಲ. ಕಿನ್ನರಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದೆ. ಕಂಡಕ್ಟರ್, "ಏನ್ರಿ ಅದು?" ಎಂದರು. ನಾನು ಓದಿಕೊಂಡಿದ್ದು ಸ್ವಲ್ಪ ಹೆಚ್ಚು. ಅದರ ಹುಟ್ಟು, ದೇವಾಲಯದ ಶಿಲ್ಪಗಳಲ್ಲಿ ಅದು ಕಾಣುವ ಬಗೆ, ಎರಡು ಬುರುಡೆಯದಕ್ಕೂ ಮೂರು ಬುರುಡೆಯದಕ್ಕೂ ಇರುವ ಭೇದ ಹೇಳತೊಡಗಿದೆ. ನಾನು ಭೇದಕ್ಕೆ ಬರುವಷ್ಟರಲ್ಲಿ ಕಂಡಕ್ಟರ್ ಹಿಂದಿನ ಬಾಗಿಲು ತಲುಪಿದ್ದರು.

ಸೀಟಿನಲ್ಲಿದ್ದ ಒಬ್ಬ ತಾಯಿ ಕನಿಕರಪಟ್ಟು, "ಕೊಡಪ್ಪ ಇಲ್ಲಿ" ಎಂದು ಅದನ್ನು ತೊಡೆಯ ಮೇಲಿಟ್ಟುಕೊಂಡರು. ಗೆಣ್ಣಿನಿಂದ ಬುರುಡೆಗಳನ್ನು ಒಂದೊಂದಾಗಿ ತಟ್ಟಿದರು. ಅಲ್ಲಾಡಿಸಿ ಕಿವಿಗೊಟ್ಟರು.

"ಬಿತ್ತಾಕೆ ಇಟ್ಟಿದ್ದೇನಪ್ಪ ಇವನ್ನ?"

"ಇಲ್ಲಮ್ಮ."

"ಒಳಗೆ ಬೀಜಾನೇ ಇಲ್ಲ. ಬೀಜ ಇಲ್ಲದ ಕಾಯಿ ಹೊತ್ಕಂಡು ಎಲ್ಲಿಗ್ ಹೊಂಟೀಯ?"

ನ್ಯಾಮತಿ ಬರುವತನಕ ಯೋಚಿಸಿದೆ. ನಾನು ಓದಿದ ಯಾವ ಪುಸ್ತಕದವರೂ ಈ ಪ್ರಶ್ನೆಯನ್ನು ಎತ್ತಿಕೊಂಡಿಲ್ಲ.

ಜಗಲಿಯ ಮೇಲಿನ ಕಛೇರಿ

ಚನ್ನಗಿರಿಯಲ್ಲಿ ಒಬ್ಬ ಅಡಿಕೆ ವರ್ತಕರ ಮನೆಯ ಗೃಹಪ್ರವೇಶ. ಆಚಾರವಂತ ಮನೆತನ. ಹೊಸ ಬಣ್ಣದ ವಾಸನೆಯ ದೊಡ್ಡ ಹಾಲಿನಲ್ಲಿ ಜಮಖಾನ ಹಾಸಿ, ಹೂವಿನ ತಟ್ಟೆ ಇಟ್ಟು, ನಮ್ಮನ್ನು ಕೂರಿಸಿದ್ದರು. ನಾನು ಶ್ರುತಿ ಮಾಡುತ್ತಿರುವಾಗ ತಂತಿ ಪಟ್ಟೆಂದು ಹರಿದು ಹಾರಿತು. ಹಾರಿದ ತುಂಡು ಬಿದ್ದದ್ದು ಸರಿಯಾಗಿ ಯಜಮಾನರ ತಾಯಿಯ ಮುಂದೆ. ಅವರು ಅದನ್ನು ಎತ್ತಿ, ಬೆರಳಿಗೆ ಸುತ್ತಿ ನೋಡಿದರು.

"ನೈಲಾನ್ ದಾರ ಏನ್ರಿ ಇದು?"

ನೈಲಾನ್ ಎಂಬ ಮಾತನ್ನು ಮೇಡಂ ಸಹಿಸುವುದುಂಟೆ? "ಛೆ ಛೆ! ನಾವು ನೈಲಾನ್ ಮುಟ್ಟೋದೇ ಇಲ್ಲ ತಾಯಿ. ಶುದ್ಧ ಕುರಿ ಕರುಳು!" ಎಂದರು, ಹೆಮ್ಮೆಯಿಂದ.

ತಾಯಿ ತುಂಡನ್ನು ಬಿಟ್ಟರು. ಎದ್ದು ಒಳಗೆ ಹೋದರು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸಿತು. ಯಜಮಾನರು ನನ್ನನ್ನು ನೋಡಿದರು, ನಾನು ಟೈಲರನ್ನು ನೋಡಿದೆ, ಟೈಲರ್ ಬಾಗಿಲನ್ನು ನೋಡಿದರು. ಕಡೆಗೆ ತಾಯಿ ಸೆರಗಿನಿಂದ ಕೈ ಒರೆಸುತ್ತ ಹೊರಬಂದು ತೀರ್ಪು ಕೊಟ್ಟರು.

"ಕರೆಸಿದ ಮ್ಯಾಲೆ ಕಳಿಸಾಕಾಗಲ್ಲ. ಅದು ಜಗಲಿ ಮ್ಯಾಲಿರ್ಲಿ. ಹಾಡು ಒಳಗೆ ಬರ್ಲಿ. ಹಾಡೇನು ಕುರಿ ಅಲ್ಲವಲ್ಲ."

ಮೇಡಂ ಒಳಗೇ ಉಳಿದರು. ಟೈಲರ್ ತಮ್ಮ ಮುಖವೀಣೆಯ ತುದಿಯಲ್ಲಿ ಊದುವ ಪೀಪಿ ಬರೀ ಹುಲ್ಲಿನದು, ಕೊಳವೆ ಮರದ್ದು ಎಂದು ಎರಡು ಸಲ ಹೇಳಿ ಒಳಗೇ ಉಳಿದರು. ನಾನೊಬ್ಬನೇ ಕಿನ್ನರಿಯ ಜೊತೆ ಜಗಲಿಗೆ ಬಂದೆ. ಬೇರೆ ತಂತಿ ಕಟ್ಟಿ, ಕಿಟಕಿಯಿಂದ ಬರುವ ಹಾಡಿಗೆ ಹೊರಗಿನಿಂದ ನುಡಿಸಿದೆ. ತಡವಾಗಿ ಬಂದ ನೆಂಟರೆಲ್ಲ ಬಾಗಿಲ ಪಕ್ಕ ಕೂತ ನನ್ನನ್ನು ನೋಡಿ, "ಸ್ವಲ್ಪ ನೋಡ್ಕಳಪ್ಪ" ಎಂದು ಚಪ್ಪಲಿ ಬಿಟ್ಟು ಒಳಗೆ ಹೋದರು.

ಅಂದು ಹಾಡು ಹೇಗಿತ್ತೋ ನನಗೆ ತಿಳಿಯದು. ಚಪ್ಪಲಿ ಮಾತ್ರ ಒಂದೂ ಕಳುವಾಗಲಿಲ್ಲ.

ವೈರ್ ಇಲ್ಲದ ಮೈಕ್

ಹೊನ್ನಾಳಿಯಲ್ಲಿ ಒಂದು ಸಂಘದವರು ಕರೆದಿದ್ದರು. ಚಿಕ್ಕ ಸಭಾಂಗಣ. ಮೇಡಂ ಮೊದಲೇ ಹೇಳಿದ್ದರು, ಮೈಕ್ ಕೂಡದು ಎಂದು. ಕಾರ್ಯದರ್ಶಿ ಕೈ ಮುಗಿದರು. "ಮೇಡಂ, ಮೈಕ್ ಇಲ್ಲಾಂದ್ರೆ ಇದು ಕಾರ್ಯಕ್ರಮ ಅಂತ ಯಾರು ನಂಬ್ತಾರೆ? ಅಧ್ಯಕ್ಷರು ಸ್ಟೇಜೇ ಹತ್ತಂಗಿಲ್ಲ."

ಕೊನೆಗೆ ರಾಜಿಯಾಯಿತು. ಮೈಕ್ ಇರುತ್ತದೆ, ವೈರ್ ಇರುವುದಿಲ್ಲ.

ಅಧ್ಯಕ್ಷರು ಬಂದು ಮೈಕನ್ನು ಬೆರಳಿನಿಂದ ಟಕಟಕ ಬಡಿದರು. ಉಫ್ ಎಂದು ಊದಿದರು. ತಮ್ಮ ಎತ್ತರಕ್ಕೆ ಇಳಿಸಿಕೊಂಡು, "ಹಲೋ, ಹಲೋ, ಹಿಂದಿದ್ದೋರಿಗೆ ಕೇಳಿಸ್ತೈತಾ?" ಎಂದರು.

"ಕೇಳಿಸ್ತೈತ್ರೀ!" ಎಂದರು ಹಿಂದಿದ್ದವರು.

ಅಲ್ಲಿಂದ ಮುಂದೆ ಯಾವ ಅಡ್ಡಿಯೂ ಬರಲಿಲ್ಲ. ಅಧ್ಯಕ್ಷರು ಮೈಕಿಗೆ ಬಾಯಿ ತಾಗಿಸಿ ಮಾತಾಡಿದರು. ಅವರ ನಂತರ ಬಂದವರು ಅದನ್ನು ಎತ್ತರಿಸಿಕೊಂಡು ಮಾತಾಡಿದರು. ನಾವು ಅದನ್ನು ಮೂಲೆಗೆ ಸರಿಸಿ ಹಾಡಿದೆವು. ವಂದನಾರ್ಪಣೆ ಮಾಡಿದವರು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಧ್ವನಿವರ್ಧಕದ ವ್ಯವಸ್ಥೆ ಮಾಡಿದವರಿಗೂ ವಂದನೆ ಹೇಳಿದರು. ಜನ ಚಪ್ಪಾಳೆ ತಟ್ಟಿದರು.

ಎಲ್ಲ ಮುಗಿದ ಮೇಲೆ ಒಬ್ಬ ಹಿರಿಯರು ಮೇಡಂ ಹತ್ತಿರ ಬಂದರು. "ಹಾಡು ಚೆನ್ನಾಗಿತ್ತಮ್ಮ. ಆದ್ರೆ ನಾನು ಮೆಚ್ಚಿದ್ದು ಮೈಕು. ಕಿರ್ ಅನ್ನಲಿಲ್ಲ, ಗುಂಯ್ ಅನ್ನಲಿಲ್ಲ. ಮಗಳ ಮದುವೆ ಐತೆ, ಇದನ್ನೇ ಹಾಕಿಸಬೇಕು. ಯಾರದ್ದಮ್ಮ ಈ ಸೆಟ್ಟು?"

ಮೇಡಂ ಸುಳ್ಳು ಹೇಳುವವರಲ್ಲ. "ಆ ಕಾಲದ್ದು" ಎಂದರು.

ವ್ರತಭಂಗ

ಮುಖವೀಣೆಯ ಪೀಪಿ ಒಣಗಿದ್ದರೆ ನುಡಿಯುವುದಿಲ್ಲ. ಊದುವುದಕ್ಕೆ ಮುಂಚೆ ಅದನ್ನು ಬಾಯಲ್ಲಿಟ್ಟುಕೊಂಡು ನೆನೆಸಬೇಕು. ಟೈಲರ್ ಈ ವಿಷಯದಲ್ಲಿ ಬಹಳ ಶಿಸ್ತಿನವರು. ವೇದಿಕೆ ಹತ್ತುವ ಮೊದಲೇ ಪೀಪಿ ಬಾಯಿಗೆ ಸೇರಿರುತ್ತದೆ.

ನ್ಯಾಮತಿ ಕಡೆಯ ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆವು. ಪರಿಚಯ ಮಾಡಿಕೊಡಲು ಹೆಡ್‌ಮಾಸ್ತರು ಟೈಲರ್ ಹತ್ತಿರ ಬಂದು ಹೆಸರು ಕೇಳಿದರು. ಟೈಲರ್ ಕೈ ಮುಗಿದರು. ಮತ್ತೆ ಕೇಳಿದರು. ಟೈಲರ್ ತುಟಿ ಬಿಗಿಹಿಡಿದು, ಬೆರಳಿನಿಂದ ಬಾಯಿ ತೋರಿಸಿ, ಇಲ್ಲ ಎಂದು ತಲೆಯಾಡಿಸಿದರು. ಹೆಡ್‌ಮಾಸ್ತರ ಮುಖ ಬೆಳಗಿತು. "ಮಕ್ಕಳೇ, ಇವರು ಮೌನವ್ರತದಲ್ಲಿದ್ದಾರೆ. ಇಂಥವರ ದರ್ಶನ ಸಿಗುವುದೇ ನಮ್ಮ ಪುಣ್ಯ" ಎಂದುಬಿಟ್ಟರು.

ಟೈಲರ್ ಪೀಪಿ ತೆಗೆಯಲು ಕೈ ಎತ್ತಿದರು. ಮೇಡಂ ಮೆಲ್ಲನೆ, "ಈಗ ಮಾತಾಡಿದ್ರೆ ಮಕ್ಕಳ ಮುಂದೆ ಮೇಷ್ಟ್ರಿಗೆ ಅವಮಾನ. ಸುಮ್ನಿರ್ರಿ" ಎಂದರು. ಅವರೂ ಹೆಡ್‌ಮೇಡಂ ಆಗಿದ್ದವರಲ್ಲವೆ?

ಊಟಕ್ಕೆ ಹೋಳಿಗೆ ಮಾಡಿಸಿದ್ದರು. ಟೈಲರಿಗೆ ಹೋಳಿಗೆ ಅಂದರೆ ಪ್ರಾಣ. ಬಡಿಸುತ್ತಿದ್ದ ಇನ್ನೊಬ್ಬ ಮಾಸ್ತರು ಅವರ ಎಲೆಯ ಮುಂದೆ ನಿಂತು, "ವ್ರತದಾಗೆ ಇರೋರಿಗೆ ಸಿಹಿ ನಡೀತೈತಾ?" ಎಂದು ಅನುಮಾನಪಟ್ಟರು. ಟೈಲರ್ ಜೋರಾಗಿ ತಲೆಯಾಡಿಸಿದರು. ಅದನ್ನು ಬೇಡವೆಂದೇ ತಿಳಿದು, ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಇಟ್ಟು ಹೋದರು. ಟೈಲರ್ ನನ್ನ ಎಲೆಯನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಆದರೂ ಹೋಳಿಗೆ ಚೆನ್ನಾಗಿತ್ತು.

ಇಡೀ ಶಾಲೆ ಬಸ್ ಸ್ಟಾಪಿಗೆ ಬಂದು ನಮ್ಮನ್ನು ಕಳಿಸಿಕೊಟ್ಟಿತು. ಬಸ್ಸು ಊರಿನ ತಿರುವು ದಾಟಿತು. ಊಟದ ನಂತರ ಮತ್ತೆ ಬಾಯಿಗಿಟ್ಟುಕೊಂಡಿದ್ದ ಪೀಪಿಯನ್ನು ಟೈಲರ್ ಉಗಿದು, ಅಲ್ಲಿತನಕ ತಡೆದಿದ್ದನ್ನೆಲ್ಲ ಒಟ್ಟಿಗೆ ಬಿಟ್ಟರು. "ಆ ಮೇಷ್ಟ್ರಿಗೆ ಕಣ್ಣಿಲ್ವೇನ್ರಿ? ತಲೆ ಹಿಂಗೆ ಆಡಿಸಿದ್ರೆ ಬೇಕು ಅಂತ, ಹಂಗೆ ಆಡಿಸಿದ್ರೆ ಬ್ಯಾಡ ಅಂತ! ಹೋಳಿಗೆ ತಟ್ಟೆ ನನ್ನ ಮೂಗಿನ ಮುಂದೇನೇ ಹೋತಲ್ರಿ!"

ಹಿಂದಿನ ಸೀಟಿನಿಂದ ಯಾರೋ ವಿನಯವಾಗಿ ಕೇಳಿದರು. "ವ್ರತ ಮುಗೀತೇನ್ರಿ ಸಾರ್?"

ಬಡಿಸಿದ ಮಾಸ್ತರೇ. ಅದೇ ಬಸ್ಸಿಗೆ ಮನೆಗೆ ಹೊರಟಿದ್ದರು.

ಟೈಲರ್ ಹಿಂದೆ ತಿರುಗಲಿಲ್ಲ. ಪೀಪಿಯನ್ನು ಹುಡುಕಿ ತೆಗೆದು, ಅಂಗಿಗೆ ಒರೆಸಿ, ಮತ್ತೆ ಬಾಯಿಗಿಟ್ಟುಕೊಂಡರು.

ಬ್ಯಾಸಿಗೆ ಪದ್ಧತಿ

ಯುಗಾದಿ ಹತ್ತಿರ ಬಂತು. ಜಗಳೂರಿನಲ್ಲಿ ಒಂದು ಕಾರ್ಯಕ್ರಮ ಸಿಕ್ಕಿತು. ಅದನ್ನು ಮುಗಿಸಿ ಮರುದಿನ ಬಿಳಿಚೋಡಿಗೆ ಹೋಗಿ ಅಜ್ಜಿಯ ಪರೀಕ್ಷೆಗೆ ಕೂರುವುದೆಂದು ನಿಶ್ಚಯಿಸಿದ್ದೆವು.

ಕಿನ್ನರಿಯ ಕೋಲಿನ ಮೇಲೆ ಸ್ವರಕ್ಕೊಂದು ಮೆಟ್ಟಿಲಿರುತ್ತದೆ. ಅವುಗಳನ್ನು ಮೇಡಂ ನಿಯಮದಂತೆ ಜೇನುಮೇಣದಲ್ಲಿ ಕೂರಿಸಿದ್ದೆ. ಜಗಳೂರಿನ ಬಿಸಿಲು ನಿಮಗೆ ಗೊತ್ತಿರಬಹುದು. ತಗಡಿನ ಚಪ್ಪರದ ಕೆಳಗೆ, ನಡುಮಧ್ಯಾಹ್ನ ಹಾಡು ಶುರುವಾಯಿತು. ಎರಡನೆಯ ಚರಣಕ್ಕೆ ಬಂದಾಗ ಬೆರಳಿಟ್ಟ ಕಡೆ ಸ್ವರ ಇರಲಿಲ್ಲ. ನೋಡುತ್ತೇನೆ, ಮೇಣ ಕರಗಿ ಮೆಟ್ಟಿಲುಗಳು ಮೆಲ್ಲಗೆ ಜಾರುತ್ತಿವೆ. ನಾನು ಅವುಗಳ ಹಿಂದೆ ಹೋದೆ. ಮೇಡಂ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದರು. ಆದರೆ ಗಾಯಕರು ವಾದ್ಯವನ್ನು ಬಿಟ್ಟು ಹೋಗಬಾರದು ಎಂಬುದೂ ಅವರದೇ ನಿಯಮ. ಅವರು ನನ್ನ ಹಿಂದೆ ಬಂದರು. ಟೈಲರ್ ಮೇಡಂ ಹಿಂದೆ ಬಂದರು. ಹೊರಟದ್ದು ಒಂದು ರಾಗದಿಂದ, ಇಳಿದದ್ದು ಇನ್ನೊಂದರಲ್ಲಿ. ದಾರಿಯಲ್ಲಿ ಎರಡು ಮೂರು ರಾಗ ಸಿಕ್ಕವು, ಯಾವುದರಲ್ಲೂ ನಿಲುಗಡೆ ಇರಲಿಲ್ಲ. ಕೊನೆಯ ಮೆಟ್ಟಿಲು ನನ್ನ ಹೆಬ್ಬೆರಳಿಗೆ ಅಂಟಿಕೊಂಡು ಬಂದಾಗ ಹಾಡು ಮುಗಿಸಿದೆವು.

ಅಲ್ಲಿಯೇ ಸಂಗೀತ ಹೇಳಿಕೊಡುವ ಒಬ್ಬರು ಎದ್ದು ಬಂದು, "ಅದ್ಭುತ. ಇದು ಯಾವ ಪದ್ಧತಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಟೈಲರ್, "ಬ್ಯಾಸಿಗೆ ಪದ್ಧತಿ ಸಾರ್. ಮಳೆಗಾಲದಾಗೆ ಬ್ಯಾರೆ ಬರ್ತೈತೆ" ಎಂದರು.

ಜನ ಕರಗಿದ ಮೇಲೂ ಒಬ್ಬರು ನಿಂತೇ ಇದ್ದರು. ಹೆಗಲ ಮೇಲೆ ಕಂಬಳಿ. ಬಿಳಿಚೋಡಿನ ಅಜ್ಜಿಯ ಹಿರಿಮಗ. ಕುರಿ ಮಾರಲು ಜಗಳೂರಿಗೆ ಬಂದವರು ನಮ್ಮ ಹಾಡು ಕೇಳಿ ನಿಂತಿದ್ದರು. ಅವರು ನನ್ನ ಹೆಬ್ಬೆರಳಿನ ಮೆಟ್ಟಿಲನ್ನು ನೋಡಿದರು. ಬೋಳಾದ ಕಿನ್ನರಿಯನ್ನು ನೋಡಿದರು.

"ಅವ್ವ ನಾಳೆ ದಾರಿ ನೋಡ್ತೈತೆ, ಬರ್ರಿ" ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, "ಇವತ್ತು ಬಾರಿಸಿದ್ದನ್ನ ಅವ್ವಗೆ ಹೇಳಂಗಿಲ್ಲ ಬಿಡ್ರಿ" ಎಂದರು.

ಬಿಳಿಚೋಡಿನ ತೀರ್ಪು

ಬೆಳಗಿನ ತಂಪಿನಲ್ಲೇ ಮೆಟ್ಟಿಲುಗಳನ್ನು ಮತ್ತೆ ಕೂರಿಸಿಕೊಂಡು ಬಿಳಿಚೋಡಿಗೆ ಹೋದೆವು. ತುಂಬಿದ ಮನೆ. ಅಂಗಳದಲ್ಲಿ ಮೆಕ್ಕೆಜೋಳ ಹರವಿತ್ತು, ಹಟ್ಟಿಯಲ್ಲಿ ಮರಿಗಳು ಅರಚುತ್ತಿದ್ದವು. ಅಜ್ಜಿ ಹಿಟ್ಟಿನ ಕೈಯಲ್ಲೇ ಹೊರಬಂದು ಕೈ ಮುಗಿದರು.

"ನೀವು ಬಾರಿಸ್ರಿ. ನಾನು ಒಳಗೆ ರೊಟ್ಟಿ ಮಾಡ್ತಾ ಕೇಳ್ತೀನಿ. ಅವರಿದ್ದಾಗಲೂ ಹಂಗೇ."

ಪಡಸಾಲೆಯಲ್ಲಿ ಕೂತೆವು. ಎದುರಿನ ಗೋಡೆಯಲ್ಲಿ ಆ ಮೊಳೆ. ಅದಕ್ಕೀಗ ಒಂದು ಕ್ಯಾಲೆಂಡರ್ ನೇತುಹಾಕಿದ್ದರು.

ಮೊದಲನೆಯ ಪದ ನುಡಿಸಿದೆ. ಮೇಡಂ ಮನಸ್ಸಿಟ್ಟು ಹಾಡಿದರು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಒಂದೇ ಸಮನೆ ಬರುತ್ತಿತ್ತು.

"ಹೆಂಗೈತವ್ವ?" ಎಂದು ಮಗ ಕೂಗಿದರು.

"ಚೆನ್ನಾಗೈತಪ್ಪ. ಅವರದ್ದಲ್ಲ."

ಎರಡನೆಯದನ್ನು ನಿಧಾನವಾಗಿ ನುಡಿಸಿದೆ. "ಇದೂ ಚೆನ್ನಾಗೈತೆ. ಅವರದ್ದಲ್ಲ." ಮೇಡಂ ನನ್ನ ಕಿವಿಯಲ್ಲಿ, "ಅವರು ಉಕ್ಕಿನ ತಂತಿ ಕಟ್ಟಿದ್ದರೋ ಏನೋ" ಎಂದರು. ಅವರ ದನಿಯಲ್ಲಿ ಮೊದಲ ಸಲ ಸೋಲು ಕೇಳಿಸಿತು. ಮೂರನೆಯದನ್ನು ಹಳೆಯ ಗ್ರಂಥಗಳಲ್ಲಿ ಹೇಳಿದ ಕ್ರಮದಲ್ಲೇ, ಬೆರಳು ಇಡುವುದರಿಂದ ಹಿಡಿದು ತೆಗೆಯುವವರೆಗೆ ಒಂದೂ ತಪ್ಪದಂತೆ ನುಡಿಸಿದೆ.

"ಇದಂತೂ ಅವರದ್ದು ಅಲ್ಲವೇ ಅಲ್ಲ" ಎಂದರು ಅಜ್ಜಿ.

ಸೊಸೆ ಬಂದು ಮೊಳೆಯಿಂದ ಕ್ಯಾಲೆಂಡರ್ ತೆಗೆದು, ಸುರುಳಿ ಸುತ್ತಿ, ಗೂಡಿನಲ್ಲಿಟ್ಟರು.

ಇನ್ನೊಂದೇ ಪದ ಎಂದು ಬೇಡಿಕೊಂಡೆ. ಶುರು ಮಾಡಿದೆ. ತಂತಿ ಬಿಗಿಯುವ ಬಿರಡೆ ಜಾರಿತು. ಬಿಗಿದೆ. ಮತ್ತೆ ಜಾರಿತು. ಸುಣ್ಣದ ಪುಡಿ ಹಚ್ಚಿ ಬಿಗಿದೆ. ಮೇಡಂ ದನಿ ಎತ್ತಿದರು, ಬಿರಡೆ ಗಿರ್ರನೆ ತಿರುಗಿ ತಂತಿ ಜೋಲುಬಿತ್ತು. ಸೊಸೆ ಮೊಳೆಯ ಕೆಳಗೇ ನಿಂತಿದ್ದರು. ನಾನು ದನಿ ಎತ್ತುವವನಲ್ಲ. ಗ್ರಂಥಾಲಯದಲ್ಲಿ ಗಲಾಟೆ ಮಾಡುವವರಿಗೂ ಬಾಯಿ ತೆರೆಯದೆ ಫಲಕ ತೋರಿಸುತ್ತೇನೆ. ಹಾಗಿದ್ದವನು ಅಂದು ಕಿನ್ನರಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿರುಚಿಬಿಟ್ಟೆ.

"ಥೂ ಹಾಳಾದ್ದೆ! ನಿನ್ನ ಬಾಯಿಗೆ ಮಣ್ಣು ಹಾಕ! ಒಂದ್ ಕಡೆ ನೆಟ್ಟಗೆ ನಿಂತು ಸಾಯಾಕೆ ಆಗಲ್ವೇನೆ ನಿನಗೆ?"

ಒಳಗೆ ರೊಟ್ಟಿಯ ಸದ್ದು ನಿಂತಿತು. ಮರುಕ್ಷಣವೇ ಅಜ್ಜಿಯ ದನಿ ಗುಡುಗಿತು.

"ಅದಕ್ಯಾಕ್ ಬೈತೀರಿ? ಅದೇನ್ ಮಾಡ್ತು ನಿಮಗೆ? ನಿಮ್ಮ ಕೈಯಾಗೆ ನೆಟ್ಟಗಿಲ್ಲ, ಅದರ ಮ್ಯಾಲೆ ಸಿಟ್ಟು! ರೊಟ್ಟಿ ಆರ್ತೈತೆ, ಮೊದ್ಲು ಬಂದು ಉಣ್ರಿ!"

ಆ ಬೈಗುಳ ನನಗೆ ಬಿದ್ದದ್ದಲ್ಲ ಎಂದು ಎಲ್ಲರಿಗೂ ಗೊತ್ತಾಗಿತ್ತು. ಅಜ್ಜಿ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಅರ್ಧ ತಟ್ಟಿದ ರೊಟ್ಟಿ. ಅಲ್ಲಿ ಕೂತವರು ಯಾರು ಎಂಬಂತೆ ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಹೊಸ್ತಿಲ ಮೇಲೆ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಇದೇ ನೋಡ್ರಿ ನಮ್ಮ ಯಜಮಾನ್ರದು! ಬಾರಿಸಿದ್ದಕ್ಕಿಂತ ಬೈದದ್ದೇ ಹೆಚ್ಚು ಅವರು. ಅವರು ಇದಕ್ಕೆ ಬೈಯೋದು, ನಾನು ಒಳಗಿಂದ ಅವರಿಗೆ ಬೈಯೋದು. ಇಷ್ಟೊತ್ತು ನೀವು ಯಾರ ಮನೇದೋ ಬಾರಿಸ್ತಿದ್ರಿ. ಇನ್ನೊಂದ್ ಸಲ ಬೈರಿ."

ಮೇಡಂ ಶಾಲೆಯ ದನಿಯಲ್ಲಿ, "ಬೈರಿ ಸಾರ್!" ಎಂದರು. ಬೈದೆ. "ಜೋರಾಗಿ" ಎಂದರು ಅಜ್ಜಿ, ಒಳಗೆ ಹೋಗುತ್ತ. ಜೋರಾಗಿ ಬೈದೆ. ಒಳಗಿನಿಂದ ತಕ್ಕ ಉತ್ತರ ಬಂತು. ಹೀಗೆ ಬೈದು, ಬೈಸಿಕೊಂಡು, ನಡುನಡುವೆ ಒಂದಿಷ್ಟು ನುಡಿಸಿ ಆ ಪದ ಮುಗಿಸಿದೆವು. ಸೊಸೆ ಕ್ಯಾಲೆಂಡರನ್ನು ಮೊಳೆಗೆ ಮತ್ತೆ ಹಾಕಿದರು.

ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಹೊರಟಾಗ ಅಜ್ಜಿ ಅಂಗಳದವರೆಗೆ ಬಂದರು. ಬುರುಡೆಗಳನ್ನು ಒಂದೊಂದಾಗಿ ಸವರಿದರು. ಮೇಡಂ ಭಾವುಕರಾಗಿ, "ಇದನ್ನ ದೇವರ ಹಂಗೆ ನೋಡ್ಕೊಳ್ತೀವಿ ಅಜ್ಜಿ" ಎಂದರು.

ಅಜ್ಜಿಗೆ ಗಾಬರಿಯಾಯಿತು.

"ಅಯ್ಯೋ, ಹಂಗೆಲ್ಲ ಮಾಡಬ್ಯಾಡ್ರವ್ವ! ಬೈಸಿಕಂಡೇ ಅಭ್ಯಾಸ ಐತೆ ಇದಕ್ಕೆ. ಮರ್ಯಾದಿ ಕೊಟ್ರೆ ಕೆಟ್ಟೋಗ್ತೈತೆ."